ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಕಂಡವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ನನ್ನ ಸಿಟ್ಟು ಇರುವುದು ಬಲಗೈಯಲ್ಲಿ. ಏನು ಬಯ್ಯಲಿ ಎಂದು ಬಾಯಿ ಇನ್ನೂ ಹುಡುಕುತ್ತಿರುವಾಗಲೇ ಕೈ ತನ್ನ ಕೆಲಸ ಮುಗಿಸಿರುತ್ತದೆ. ನಮ್ಮಪ್ಪನದೂ ಹೀಗೇ ಇತ್ತು. ಧಾರವಾಡದ ಕಡೆಯಿಂದ ಮದರಾಸಿಗೆ ಬಂದು ಬಟ್ಟೆ ವ್ಯಾಪಾರ ಮಾಡಿದ ಮನುಷ್ಯ. ಮುಂಜಾನೆ ಪೂಜೆ ಮುಗಿಸಿ ಎದ್ದವನು ಮಧ್ಯಾಹ್ನದೊಳಗೆ ನಮ್ಮಲ್ಲಿ ಯಾರಿಗಾದರೂ ಒಬ್ಬರಿಗೆ ಬಟ್ಟೆ ಅಳೆಯುವ ಕೋಲಿನಿಂದ ಬಾರಿಸದೆ ಬಿಡುತ್ತಿರಲಿಲ್ಲ. ಅವ್ವನಿಗೆ ಸೌಟು ಸಾಕಾಗುತ್ತಿತ್ತು. ಹೊಡೆದಾದ ಮೇಲೆ ಇಬ್ಬರೂ ಒತ್ತಾಯ ಮಾಡಿ ಊಟಕ್ಕೆ ಬಡಿಸುತ್ತಿದ್ದರು. ಅದನ್ನೇ ಪ್ರೀತಿ ಅಂದುಕೊಂಡು ಬೆಳೆದವಳು ನಾನು.

ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಕ್ರೋಂಪೇಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರಿ ಇಪ್ಪತ್ತು ವರ್ಷ ದಾಟಿತು. ಒಮ್ಮೆ ಒಬ್ಬ ಹುಡುಗ ಅಂಗಿಯ ತೋಳು ಮಡಿಸದೆ, ತಿರುಗುತ್ತಿದ್ದ ಲೇತ್ ಯಂತ್ರದ ಮೇಲೆ ಬಗ್ಗಿದ. ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದು ಕಪಾಳಕ್ಕೆ ಎರಡು ಬಿಟ್ಟೆ. ವರ್ಷಗಳಾದ ಮೇಲೆ ಅವನು ಸ್ವೀಟ್ ಡಬ್ಬ ಹಿಡಿದುಕೊಂಡು ಬಂದು, ಮೇಡಂ, ಅವತ್ತು ನೀವು ಹೊಡೆಯದಿದ್ದರೆ ನನ್ನ ಕೈ ಹೋಗುತ್ತಿತ್ತು ಅಂದ. ಆ ಡಬ್ಬ ನನ್ನ ತಲೆ ಕೆಡಿಸಿತು. ಹೊಡೆತದಿಂದ ಒಳ್ಳೆಯದೇ ಆಗುತ್ತದೆ ಎಂದು ನಂಬಲು ನನಗೆ ಅಷ್ಟು ಸಾಕಾಯಿತು.

ನಮಗೆ ಒಬ್ಬಳೇ ಮಗಳು. ಅವಳು ಪ್ಲಸ್ ಟೂ ಓದುವಾಗ, ಪರೀಕ್ಷೆಯ ಹಿಂದಿನ ದಿನ ಫೋನ್ ನೋಡುತ್ತಾ ಕೂತಿದ್ದಳು. ಎರಡು ಸಲ ಕರೆದೆ. ಮೂರನೆಯ ಸಲ ಕರೆಯಲಿಲ್ಲ, ಕೈಲಿದ್ದ ಸ್ಟೀಲ್ ಲೋಟ ಬೀಸಿ ಒಗೆದೆ. ಹುಬ್ಬು ಸೀಳಿತು. ಕೀಲ್ಪಾಕಿನ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬ ಡಾಕ್ಟರಮ್ಮನ ಕ್ಲಿನಿಕ್ ಇದೆ. ಅಲ್ಲಿ ಮೂರು ಹೊಲಿಗೆ ಹಾಕಿದರು. ಹೇಗಾಯಿತು ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಮಗಳು ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು. ನಾನು ಪಕ್ಕದಲ್ಲೇ ನಿಂತು ಹೌದು ಹೌದು ಎಂದು ತಲೆಯಾಡಿಸಿದೆ. ಮನೆಗೆ ಬರುವಾಗ ದಾರಿಯಲ್ಲಿ, ನನ್ನ ಮುಖ ನೋಡದೆ, ತಮಿಳಿನಲ್ಲಿ ಹೇಳಿದಳು: "ಇನ್ನೊಂದು ಸಲ ಕೈ ಮಾಡಿದರೆ ನಾನು ನಿಜ ಹೇಳ್ತೀನಿ. ಹೇಳಿ ಮನೆ ಬಿಟ್ಟು ಹೋಗ್ತೀನಿ." ನಾವು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಬರುವುದು ಚಿಕ್ಕಂದಿನಿಂದಲೂ ತಮಿಳಿನಲ್ಲೇ. ಆ ಮಾತನ್ನು ಅವಳು ಬೆದರಿಕೆಗೆ ಹೇಳಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷ ಕೈ ಎತ್ತಲಿಲ್ಲ. ಅವಳ ಮೇಲೆ ಎತ್ತಲಿಲ್ಲ ಅಷ್ಟೇ. ಮಿಕ್ಸಿಯ ಮುಚ್ಚಳ ಎರಡು ಹೋದವು, ಬಚ್ಚಲ ಬಾಗಿಲಿನ ಕೆಳಗಿನ ಹಲಗೆ ನನ್ನ ಒದೆತಕ್ಕೆ ಬಿರುಕು ಬಿಟ್ಟಿತು. ನಮ್ಮವರು ಅದನ್ನು ನೋಡಿ, "ಇದಾದ್ರೂ ಅಗ್ಗ ಬಿಡು" ಅಂದರು.

ಇನ್ನು ಆ ಲ್ಯಾಪ್‌ಟಾಪ್. ಒಂಬತ್ತು ವರ್ಷದ್ದು, ಎತ್ತಿದರೆ ಒರಳುಕಲ್ಲು. ಮೊದಲು ನನ್ನದಾಗಿತ್ತು, ಆರ್ಕಿಟೆಕ್ಚರ್ ಓದಲು ಸೇರಿದ ಮೇಲೆ ಮಗಳ ಪಾಲಾಯಿತು. ಬೆಳಗ್ಗೆ ಅದರ ಗುಂಡಿ ಒತ್ತಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಇನ್ನೂ ಅದೇ ಉಂಗುರ ಸುತ್ತುತ್ತಿರುತ್ತಿತ್ತು. ಹೊಸದು ಕೊಡಿಸುತ್ತೇನೆ ಅಂದರೆ ಬೇಡವೆಂದಳು. ಒಳಗಿನ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಾಕು, ಅದರಲ್ಲಿ ತಿರುಗುವ ತಟ್ಟೆ ಇರುವುದಿಲ್ಲ, ಹತ್ತು ಪಟ್ಟು ಬೇಗ ಕೆಲಸ ಮಾಡುತ್ತದೆ ಅಂದಳು. ಕಂಪ್ಯೂಟರ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ತಾನೇ ಹೋಗಿ ತಂದಳು. ನಾವಿಬ್ಬರೂ ಸೇರಿ ಹಾಕೋಣ ಅಂದಳು. ಎರಡು ವರ್ಷದಲ್ಲಿ ಅವಳ ಬಾಯಿಂದ "ನಾವಿಬ್ಬರೂ" ಎಂಬ ಮಾತು ಬಂದದ್ದು ಅದೇ ಮೊದಲು. ನಾನು ಎಷ್ಟು ಹಿಗ್ಗಿದೆ ಎಂದರೆ ವರ್ಕ್‌ಶಾಪಿನಿಂದ ನನ್ನ ಸ್ವಂತ ಸ್ಕ್ರೂಡ್ರೈವರ್ ಸೆಟ್ಟನ್ನೇ ಮನೆಗೆ ಹೊತ್ತು ತಂದೆ.

ಭಾನುವಾರ. ನಮ್ಮವರು ಹುಬ್ಬಳ್ಳಿಗೆ ಮದುವೆಗೆ ಹೋಗಿದ್ದರು. ಬೆಳಗ್ಗೆಯೇ ಅವಳು ಹೊಸ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಲು ಬಿಟ್ಟಳು. ನಾಲ್ಕು ತಾಸು ಹಿಡಿಯಿತು. ಊಟ ಮುಗಿಸಿ, ಲ್ಯಾಪ್‌ಟಾಪ್ ಬೋರಲು ಹಾಕಿ, ಬ್ಯಾಟರಿ ತೆಗೆದು ಒಂದೊಂದೇ ಸ್ಕ್ರೂ ಬಿಚ್ಚಿದೆ. ಯಾವುದು ಎಲ್ಲಿಯದೆಂದು ಮರೆಯದಂತೆ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಇಡುತ್ತಾ ಹೋದೆ. ಅವಳು ನಕ್ಕಳು. ಹಳೆಯ ಡಿಸ್ಕನ್ನು ಅದರ ತಗಡಿನ ಚೌಕಟ್ಟಿನ ಸಮೇತ ಎಳೆದವಳು ಅವಳು. ಎಳೆಯುವಾಗ ಕರ್ ಎಂದಿತು. ಆ ಸಪ್ಪಳ ನನ್ನ ಕಿವಿಯಲ್ಲೇ ಕೂತಿತು.

ಹೊಸದನ್ನು ಚೌಕಟ್ಟಿಗೆ ಬಿಗಿದು, ಡಿಸ್ಕು ಕೂರುವ ಸ್ಲಾಟಿಗೆ ನೂಕಿ, ಮುಚ್ಚಿ, ಗುಂಡಿ ಒತ್ತಿದೆವು. ಕಪ್ಪು ಪರದೆ, ಮೇಲೆ ಬಿಳಿಯ ಒಂದೇ ಸಾಲು: ಡಿಸ್ಕೇ ಇಲ್ಲ ಎಂದು. ಅವಳು ಬಯಾಸ್ ತೆರೆದಳು. ಯಂತ್ರ ಏಳುವ ಮುಂಚೆ ತನ್ನ ಅಂಗಾಂಗ ಎಣಿಸಿ ನೋಡಿಕೊಳ್ಳುವ ಜಾಗ ಅದು. ಅಲ್ಲೂ ಡಿಸ್ಕಿನ ಸಾಲು ಖಾಲಿ. ಒಂದಷ್ಟು ಸೆಟ್ಟಿಂಗ್ ಬದಲಾಯಿಸಿದಳು. ಇಲ್ಲ. ಬಿಚ್ಚಿ ಮತ್ತೆ ಕೂರಿಸಿದೆ. ಇಲ್ಲ. ಅರ್ಧ ನಿಮಿಷ ಪವರ್ ಗುಂಡಿ ಒತ್ತಿ ಹಿಡಿದೆ. ಇಲ್ಲ. ಕೊನೆಗೆ ಹಳೆಯ ಡಿಸ್ಕನ್ನೇ ವಾಪಸ್ ಹಾಕಿದೆವು. ಬೆಳಗ್ಗೆ ತಾನೇ ನಡೆಯುತ್ತಿದ್ದ ಡಿಸ್ಕು! ಅದೂ ಕಾಣಿಸಲಿಲ್ಲ.

ಫ್ಯಾನ್ ತಲೆಯ ಮೇಲೆ ಬಿಸಿಗಾಳಿಯನ್ನೇ ತಿರುವಿಹಾಕುತ್ತಿತ್ತು. ಮುಷ್ಟಿಯಿಂದ ಮೇಜಿಗೆ ಗುದ್ದಿದೆ. ಇಡ್ಲಿ ತಟ್ಟೆ ಹಾರಿ ಸ್ಕ್ರೂಗಳೆಲ್ಲ ನೆಲದ ಮೇಲೆ ಚೆಲ್ಲಾಡಿದವು.

"ಮುರದ್ ಹಾಕಿದೆಲ್ಲ! ಕರ್ ಅಂತ ಸಪ್ಪಳ ಆತು, ನಾ ಕೇಳ್ಲಿಲ್ಲೇನ? ಎಮ್ಮಿ ಜಗ್ಗಿದಂಗ ಜಗ್ಗಿದಿ!"

"ನೇರಾತ್ತಾನ್ ಇಳುತ್ತೇನ್ಮಾ" ಅಂದಳು. ನೇರವಾಗಿಯೇ ಎಳೆದೆನಮ್ಮಾ ಎಂದು. ದನಿ ಏರಿರಲಿಲ್ಲ. ನೆಲಕ್ಕೆ ಕೂತು ಸ್ಕ್ರೂ ಒಂದೊಂದಾಗಿ ಆರಿಸಿದಳು. ಆಮೇಲೆ ಮತ್ತೆ ಕುರ್ಚಿಯಲ್ಲಿ ಕೂತು ಹೊಸ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ ಹೊರಗಿನಿಂದ ಜೋಡಿಸಿದಳು. ಬಯಾಸಿನಲ್ಲಿ ತಟ್ಟನೆ ಅದರ ಹೆಸರು ಕಾಣಿಸಿತು. ಹಳೆಯದನ್ನು ಒಳಗಿಂದ ತೆಗೆದು ಸಿಕ್ಕಿಸಿದಳು. ಅದೂ ಕಾಣಿಸಿತು. ಅಂದರೆ ಎರಡೂ ಡಿಸ್ಕಿಗೆ ಏನೂ ಆಗಿಲ್ಲ, ಒಳಗಿನ ಸ್ಲಾಟಿನಲ್ಲೇ ಏನೋ ತೊಂದರೆ, ಟಾರ್ಚ್ ಕೊಡು ನೋಡೋಣ ಎನ್ನುತ್ತಾ ಲ್ಯಾಪ್‌ಟಾಪನ್ನು ಮತ್ತೆ ಬೋರಲು ಹಾಕಿದಳು.

ಎಷ್ಟು ಸರಿಯಾದ ಮಾತು! ನನ್ನ ವಿದ್ಯಾರ್ಥಿ ಹೀಗೆ ಒಂದೊಂದನ್ನೇ ಬೇರ್ಪಡಿಸಿ ದೋಷ ಹಿಡಿದಿದ್ದರೆ ಬೆನ್ನು ತಟ್ಟುತ್ತಿದ್ದೆ. ಆದರೆ ನನಗೆ ಕೇಳಿಸಿದ್ದೇ ಬೇರೆ. ತಪ್ಪು ಮಾಡಿದವಳು ನನಗೇ ಪಾಠ ಹೇಳುತ್ತಿದ್ದಾಳೆ ಎಂದು ಕೇಳಿಸಿತು.

"ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕು ಅಂದ್ಲಂತ! ಸ್ಲಾಟ್ ಮುರದಾಕಿ ನೀ, ಈಗ ಸ್ಲಾಟ್ ಸರಿ ಇಲ್ಲಂತ ನನಗ ಹೇಳ್ತಿ?"

"ಕತ್ತಾದೇಮ್ಮಾ" ಅಂದಳು. ಕಿರುಚಬೇಡಮ್ಮಾ. ಅಷ್ಟೇ ಅಂದದ್ದು. ಅಂದವಳು ಟಾರ್ಚಿಗೆಂದು ನನ್ನ ಆಚೆ ಇದ್ದ ಫೋನಿನತ್ತ ಕೈ ಚಾಚಿದಳು.

ಹೊಡೆದೆ. ಎಷ್ಟು ಜೋರಾಗಿ ಎಂದರೆ ಅವಳ ತಲೆ ಪಕ್ಕಕ್ಕೆ ಹೊರಳಿ ಕುರ್ಚಿಯ ಬೆನ್ನಿಗೆ ಬಡಿಯಿತು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದು ನನಗೆ ಮರೆತೇಹೋಗಿತ್ತು. ಅದರ ತುದಿ ಅವಳ ಕಿವಿಯ ಕೆಳಗಿನಿಂದ ದವಡೆಯವರೆಗೂ ಗೀರಿತು. ಮೊದಲು ಬಿಳಿಯ ಗೆರೆ ಕಾಣಿಸಿತು. ನೋಡನೋಡುತ್ತಿದ್ದಂತೆ ಗೆರೆ ಬಾಯಿ ಬಿಟ್ಟಿತು, ರಕ್ತ ಸುರಿದು ಲ್ಯಾಪ್‌ಟಾಪಿನ ತೆರೆದ ಹೊಟ್ಟೆಯ ಅಂಚಿಗೂ ಬಿತ್ತು.

ಅಯ್ಯೋ ಶಿವನೇ ಎಂದು ಕೂಗಿದವಳು ನಾನು. ಅವಳು ಕೂಗಲಿಲ್ಲ. ಒಂದು ಕೈಯಲ್ಲಿ ಟವೆಲ್ ಎಳೆದುಕೊಂಡು ದವಡೆಗೆ ಒತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಫೋನಿನ ಟಾರ್ಚ್ ಹಚ್ಚಿದಳು. ಸ್ಲಾಟಿನೊಳಗೆ ಬೆಳಕು ಬಿಟ್ಟು, ನನಗೆ ಕಾಣುವಂತೆ ಯಂತ್ರವನ್ನು ತಿರುಗಿಸಿದಳು. ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳ ಮೇಲೆ ಬಿಳಿಯ ಪುಡಿ, ಬಿಳಿಯ ಚಕ್ಕೆ. ಒಂದು ಹಲ್ಲೂ ಬಾಗಿರಲಿಲ್ಲ, ಮುರಿದಿರಲಿಲ್ಲ.

ಅದು ವಿಭೂತಿ. ನಾನೇ ಹಚ್ಚಿದ್ದು. ನಮ್ಮ ವರ್ಕ್‌ಶಾಪಿನ ಹಳೆಯ ಫೋರ್‌ಮನ್ ಆಯುಧಪೂಜೆಯ ದಿನ ಒಂದು ಮಾತು ಹೇಳುತ್ತಿದ್ದರು: ಯಂತ್ರದ ಮೇಲೆ ಹಚ್ಚಿದ್ದನ್ನು ಎಣ್ಣೆ ಬಟ್ಟೆ ಒರೆಸಿಬಿಡುತ್ತದೆ, ಕವರ್ ಬಿಚ್ಚಿ ಒಳಗೆ ಹಚ್ಚಿದರೆ ವರ್ಷವಿಡೀ ಕಾಯುತ್ತದೆ. ಅಂದಿನಿಂದ ನಮ್ಮ ಲೇತುಗಳಿಗೆಲ್ಲ ಒಳಗೇ ಪೂಜೆ. ಕಳೆದ ಆಯುಧಪೂಜೆಗೆ ಫ್ಯಾನಿನ ದೂಳು ತೆಗೆಯಲು ಈ ಲ್ಯಾಪ್‌ಟಾಪ್ ಬಿಚ್ಚಿದ್ದೆ. ಮಗಳ ಓದಿಗೆ ಒಳ್ಳೆಯದಾಗಲಿ ಎಂದು ವಿಭೂತಿ ಕಲಸಿ, ಡಿಸ್ಕು ಸ್ಲಾಟಿಗೆ ಸೇರುವ ಕಡೆ ಚೌಕಟ್ಟಿನ ಅಡಿ ಮಗ್ಗುಲಿಗೆ ಮೂರು ಬೆರಳಿನಿಂದ ದಪ್ಪಗೆ ಎಳೆದು ಮುಚ್ಚಿದ್ದೆ. ಮುಚ್ಚಿ ಮರೆತಿದ್ದೆ. ಕರ್ ಅಂದದ್ದು ಅದು ಒಡೆದ ಸಪ್ಪಳ. ಎಳೆದಾಗ ಅಷ್ಟೂ ಉದುರಿ ಸ್ಲಾಟ್ ತುಂಬಿತ್ತು, ಡಿಸ್ಕಿನ ಮೇಲೆ ಡಿಸ್ಕು ನೂಕಿ ನಾವೇ ಇನ್ನಷ್ಟು ಜಡಿದಿದ್ದೆವು.

"ಏಳು, ಡಾಕ್ಟರ್ ಕಡೆ ಹೋಗೋಣು" ಅಂದೆ.

ಅವಳು ಸ್ಪಿರಿಟ್ ಕೇಳಿದಳು. ಗಾಯಕ್ಕೆಂದು ಓಡಿಹೋಗಿ ಬಾಟಲಿ ತಂದೆ. ಹಳೆಯ ಟೂತ್‌ಬ್ರಶ್ ಕೇಳಿದಳು. ಆಗ ನನಗೆ ಅರ್ಥವಾಯಿತು. ಬ್ರಶ್ಶನ್ನು ಸ್ಪಿರಿಟಿನಲ್ಲಿ ಅದ್ದಿ, ಟವೆಲನ್ನು ಹೆಗಲಿಗೂ ದವಡೆಗೂ ನಡುವೆ ಒತ್ತಿ ಹಿಡಿದು, ಸ್ಲಾಟಿನ ಒಂದೊಂದೇ ಹಲ್ಲನ್ನು ಉಜ್ಜಿದಳು. ಟವೆಲ್ ಕೆಂಪಾಗುತ್ತಾ ಬಂತು. ಬೇಡ ಮಗಾ, ಆಮೇಲೆ ಮಾಡೋಣು, ಕಾಲು ಹಿಡಿತೀನಿ ಎಂದು ನಾನು ಬೇಡಿಕೊಂಡೆ. "ಇರು" ಅಂದಳು. ಕೈ ಹಿಡಿಯಲು ಹೋದರೆ ಎಂಥ ನೋಟ ನೋಡಿದಳೆಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸ್ಪಿರಿಟ್ ಆರುವವರೆಗೂ ಕಾದಳು. ಹೊಸ ಡಿಸ್ಕ್ ಕೂರಿಸಿದಳು, ಬ್ಯಾಟರಿ ಹಾಕಿದಳು, ಗುಂಡಿ ಒತ್ತಿದಳು. ನಾನು ಉಸಿರು ಎಳೆದು ಬಿಡುವುದರೊಳಗೆ ಪರದೆ ಬೆಳಗಿ ಅವಳ ಡ್ರಾಯಿಂಗುಗಳೆಲ್ಲ ಬಂದು ಕೂತವು.

ಲ್ಯಾಪ್‌ಟಾಪನ್ನು ನನ್ನ ಮುಖಕ್ಕೆ ತಿರುಗಿಸಿಟ್ಟಳು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು.

ಕ್ಲಿನಿಕ್ಕಿನಲ್ಲಿ ಅದೇ ಡಾಕ್ಟರಮ್ಮ. ಟವೆಲ್ ಬಿಡಿಸಿ ನೋಡಿದರು, ಹುಬ್ಬಿನ ಹಳೆಯ ಗಾಯದ ಗುರುತಿನ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತಿತು. "ಎಪ್ಪಡಿ ಆಚ್ಚು?" ಅಂದರು, ಹೇಗಾಯಿತು ಎಂದು. ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಬಾಯಿ ತೆರೆದಳು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಎರಡು ವರ್ಷ ಹೆದರಿದ್ದು ಆ ಒಂದು ಮಾತಿಗೇ. ಅದು ಅವಳ ಬಾಯಿಂದ ಬರುವುದನ್ನು ಕೇಳುವ ಶಕ್ತಿ ನನಗಿರಲಿಲ್ಲ.

"ನಾನ್‌ದಾನ್ ಅಡಿಚ್ಚೇನ್" ಅಂದುಬಿಟ್ಟೆ. ನಾನೇ ಹೊಡೆದದ್ದು. "ಹೋದ ಸಲವೂ ನಾನೇ. ಅವಳು ಜಾರಿ ಬಿದ್ದಿರಲಿಲ್ಲ."

ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಅಳುವಿನ ನಡುವೆಯೇ, ನಾಚಿಕೆಗೆಟ್ಟು ಹೇಳುತ್ತೇನೆ, ನನಗೆ ಹೆಮ್ಮೆಯೂ ಆಗಿತ್ತು. ನಿಜ ಒಪ್ಪಿಕೊಂಡೆನಲ್ಲ! ಎಷ್ಟು ತಾಯಂದಿರಿಗೆ ಅಷ್ಟು ಧೈರ್ಯ ಬರುತ್ತದೆ? ಅವಳು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಇಡುತ್ತಾಳೆ, ಮನೆ ಬಿಟ್ಟು ಹೋಗುವ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ನಂಬಿ ಕೂತಿದ್ದೆ.

ಅರ್ಧ ಗಂಟೆಯ ಮೇಲೆ ಹೊರಗೆ ಬಂದಳು. ದವಡೆಗೆ ಉದ್ದನೆಯ ಪಟ್ಟಿ. ಮೈಲಾಪೂರಿನ ಗೆಳತಿಯ ಮನೆಗೆ ಆಟೋ ಬುಕ್ ಮಾಡಿಯಾಗಿತ್ತು. ನಾನು ಎದ್ದು ನಿಂತು, "ನಾನ ಹೇಳೀನಲ್ಲ ಮಗಾ, ಎಲ್ಲಾ ಒಪ್ಕೊಂಡೀನಲ್ಲ" ಅಂದೆ.

ಅವಳು ನಿಂತಳು. ನನ್ನ ಕಣ್ಣನ್ನೇ ನೋಡುತ್ತಾ, ತಮಿಳು ಬಿಟ್ಟು, ನಮ್ಮವ್ವನ ಕನ್ನಡದಲ್ಲಿ ಹೇಳಿದಳು:

"ಅದು ನಾ ಹೇಳೋ ಮಾತಿತ್ತು. ಎರಡು ವರ್ಷ ಇಟ್ಕೊಂಡಿದ್ದೆ. ಅದನ್ನೂ ನನ್ನ ಬಾಯಿಂದ ಕಸ್ಕೊಂಡೆಲ್ಲ."

ಆಟೋ ಬಂತು. ಅವಳು ಹತ್ತಿ ಹೋದಳು.