ಬಿಳಿ ದಾರದ ಲಡಿ

ಇಳಕಲ್ಲಿನ ನೇಕಾರರು ಕೆಂಪು ನೂಲು ಕೊಳ್ಳುವಾಗ ಮೊದಲು ನೋಡುತ್ತಿದ್ದುದು ಬಣ್ಣವನ್ನಲ್ಲ, ಲಡಿಗೆ ಕಟ್ಟಿದ ದಾರವನ್ನು. ಹಸಿರು ದಾರವಿದ್ದರೆ ಅದು ಖೈರುನಬಿಯ ಬಾನಿಯಲ್ಲಿ ಅದ್ದಿದ ನೂಲು. ಸೀರೆ ಹರಿದರೂ ಕೆಂಪು ಬಿಡದು ಎಂದು ಕಣ್ಣು ಮುಚ್ಚಿ ಒಯ್ಯುತ್ತಿದ್ದರು.

ಸೂರಂಜಿ ಬೇರಿನ ಬಣ್ಣ ಊರಿಗೆಲ್ಲ ಗೊತ್ತು. ಅದು ನೂಲಿಗೆ ಕಚ್ಚಲು ಕೊನೆಗೆ ಏನು ಹಾಕಬೇಕೆಂಬುದು ಅವಳಿಗೂ ಗಂಡ ಮೀರಾಸಾಬನಿಗೂ ಮಾತ್ರ ಗೊತ್ತಿತ್ತು. ಮೂರನೆಯವನು ಅವರ ಆಳು ಜಾಫರಸಾಬ. ಬಾನಿಗೆ ಕೈ ಇಡುವ ಮೊದಲು ಅವನು ಓಣಿಯ ಹಿರಿಯರೆದುರು ಉಪ್ಪು ಮುಟ್ಟಿ, ಈ ಗುಟ್ಟು ನಿಮ್ಮ ಮನೆಗೇ ಮೀಸಲು ಎಂದು ಆಣೆ ಮಾಡಿದ್ದ.

ಒಂದು ದಿನ ಜಾಫರಸಾಬ ಬಿಟ್ಟು ಹೋಗಿ ತನ್ನದೇ ಬಾನಿ ಹೂಡಿದ. ಅವನ ಲಡಿಗೂ ಹಸಿರು ದಾರ! ಅವಸರದಲ್ಲಿ ಅದ್ದಿ ತೆಗೆದ ಆ ಕೆಂಪು ಮೊದಲ ನೀರಿಗೇ ಹರಿಯಿತು. ಬೈಗುಳ ಮಾತ್ರ ಖೈರುನಬಿಯ ಬಾಗಿಲಿಗೆ ಬಂತು. ಅದೇ ವರ್ಷ ಮೀರಾಸಾಬ ತೀರಿಕೊಂಡ. ಗಂಡ ತೀರಿದವಳು ಮನೆಯಲ್ಲೇ ಕಳೆಯಬೇಕಾದ ಇದ್ದತ್ತಿನ ದಿನಗಳಲ್ಲಿ ಅವಳು ಹೊಸ್ತಿಲು ದಾಟದೆ, ನಮಾಜು ಮುಗಿಸಿ ಬಾನಿಯ ಮುಂದೆ ಕೂರುತ್ತಿದ್ದಳು. ಹಸಿರು ದಾರ ಕಟ್ಟಲು ಕೈ ಬಾರದೆ ಬಿಳಿ ದಾರ ಕಟ್ಟಿದಳು. ಇದ್ದತ್ತು ಮುಗಿದ ಮೇಲೆ ಮತ್ತೆ ಹಸಿರು.

ಕಡೆಗೆ ನಾದಿನಿ ಮಾಬುಬಿಯನ್ನು ಕರೆದುಕೊಂಡು ಗಾಡಿ ಕಟ್ಟಿಸಿ ಬಾಗಲಕೋಟೆಗೆ ಹೋದಳು. ಕಲಾದಗಿ ವಕೀಲರು ಎಲ್ಲ ಕೇಳಿ ಹೇಳಿದರು: "ಗುಟ್ಟು ಕದ್ದಾನ ಅಂತಷ್ಟ ದಾವಾ ಹಾಕಿದ್ರ, ಅದು ಯಾವ ಗುಟ್ಟು ಅಂತ ಕೇಳ್ತಾರ. ಕಚೇರಿಯೊಳಗ ಹೇಳಿದಿ ಅಂದ್ರ ನಾಳೆ ಅದು ಸಂತಿ ಪಾಲು. ನಿನ್ನ ದಾರ ಕಟ್ಟಿ ಮಂದಿಗೆ ಮೋಸ ಮಾಡ್ಯಾನ, ಆಣಿ ಮುರದಾನ ಅಂತ ಹಾಕೋಣು. ಮನಾಯಿ ಹುಕುಂ ಸಿಕ್ರ ಅವ ಆ ದಾರ ಮುಟ್ಟಂಗಿಲ್ಲ, ಗುಟ್ಟು ಮಾರಂಗಿಲ್ಲ."

ವಿಚಾರಣೆಯ ದಿನ ಹಿರಿಯರು ಉಪ್ಪಿನ ಆಣೆಗೆ ಸಾಕ್ಷಿ ನುಡಿದರು. ಜಾಫರಸಾಬ ಎದೆ ಸೆಟೆಸಿ ನಿಂತ. "ಬಣ್ಣ ನಮ್ಮಜ್ಜಂದು, ಹಸರ ದಾರಾನೂ ನಮ್ಮಜ್ಜಂದು. ನಮ್ಮ ಲಡಿಗೆ ಬ್ಯಾರೆ ದಾರ ಕಟ್ಟೇ ಇಲ್ಲರಿ!"

ಅವನ ವಕೀಲ ಖೈರುನಬಿಯತ್ತ ತಿರುಗಿದ. "ಬಣ್ಣ ನಿಮ್ಮದಾದ್ರ ಬಾನಿಗೆ ಕೊನಿಗೆ ಏನ ಹಾಕ್ತೀರಿ, ಹೇಳ್ರಿ."

ಕಚೇರಿಯೆಲ್ಲ ಕಿವಿಯಾಯಿತು. ಬಾಗಿಲಲ್ಲಿ ಬೇರೆ ಬಣ್ಣಗಾರರೂ ಕತ್ತು ಚಾಚಿದ್ದರು. ಹೇಳಿದರೆ ಗುಟ್ಟು ಹೋಯಿತು, ಹೇಳದಿದ್ದರೆ ದಾವೆ. ಸೆರಗಿನೊಳಗೆ ಅವಳ ತುಟಿಗಳು ಅಲ್ಲಾಹನ ಹೆಸರು ಹಿಡಿದವು.

ಅಷ್ಟರಲ್ಲಿ ಸಾಕ್ಷಿಗೆಂದು ಬಂದಿದ್ದ ನೇಕಾರ ದುರ್ಗಪ್ಪ ತಾಳ್ಮೆಗೆಟ್ಟು ಚೀಲ ಕೊಡವಿದ. "ಬಾನಿ ಮಾತ ಆಮ್ಯಾಲಿರಲಿರಿ! ಈ ಜಾಫರ್ಯಾ ಕೊಟ್ಟ ಲಡಿ ನೋಡ್ರಿ, ನನ್ನ ಹೆಂಡತಿ ಸೀರಿ ಕೆಡಿಸೇತಿ!"

ಲಡಿ ಮೇಜಿನ ಮೇಲೆ ಬಿತ್ತು. ಅದಕ್ಕೆ ಬಿಳಿ ದಾರ.

ಖೈರುನಬಿ ಮುಂದಕ್ಕೆ ಬಾಗಿ ವಕೀಲರಿಗೆ ಪಿಸುಗುಟ್ಟಿದಳು. ಕಲಾದಗಿ ವಕೀಲರು ಜಿಗಿದೆದ್ದರು.

"ಜಾಫರಸಾಬ, ಈ ಲಡಿ ನಿಂದೇನು?"

"ನಂದರಿ. ದುರ್ಗಪ್ಪಗ ನಾನ ಮಾರೀನಿ."

"ಬಿಳಿ ದಾರ ಯಾಕ?"

"ಆವಾಗ... ಪ್ಯಾಟಿಯೊಳಗ ಬಿಳೇದ ನಡದಿತ್ತರಿ."

"ಬಿಳೇದು ಈ ಹೆಣಮಗಳು ಗಂಡನ ದುಃಖಕ್ಕ ಕಟ್ಟಿದ್ದು. ನಿಮ್ಮ ಮನ್ಯಾಗ ಯಾರ ತೀರಿಕೊಂಡಿದ್ರಪಾ?"

ಜಾಫರಸಾಬ ತನ್ನ ವಕೀಲನತ್ತ ನೋಡಿದ. ಹಿಂದಿನಿಂದ ಯಾರೋ, "ಅವರಜ್ಜನ ಇನ್ನೊಮ್ಮೆ ಸತ್ತಿರಬೇಕು!" ಎಂದರು. ಮುನಸೀಫರೂ ನಗು ನುಂಗಿಕೊಂಡರು. ಬಾನಿಯ ಪ್ರಶ್ನೆ ಇನ್ನು ಬೇಡವೆಂದರು. ಸಂಜೆಯ ಮೊದಲೇ ಮನಾಯಿ ಹುಕುಂ ಆಯಿತು: ಹಸಿರು ದಾರ ಕಟ್ಟಕೂಡದು, ಗುಟ್ಟು ಯಾರಿಗೂ ಕೊಡಕೂಡದು, ಕೆಟ್ಟ ಹೆಸರಿನಿಂದಾದ ನಷ್ಟ ತುಂಬಿಕೊಡಬೇಕು.

ಕಮತಗಿ ದಾಟುವವರೆಗೂ ಗಾಡಿಯಲ್ಲಿ ನಗುವೋ ನಗು. ಆಮೇಲೆ ಮಾಬುಬಿ ಹತ್ತಿರ ಸರಿದಳು.

"ಭಾಬಿ, ಕಚೇರಿಗಂತೂ ಹೇಳಲಿಲ್ಲ. ನನಗರ ಹೇಳ. ನಿನ್ನ ಹಿಂದ ಆ ಬಾನಿ ಯಾರು ನೋಡವ್ರು?"

ಖೈರುನಬಿ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯ ಸಂದಿನಿಂದ ಉಪ್ಪಿನ ಪೊಟ್ಟಣ ತೆಗೆದು ಮುಂದೆ ಹಿಡಿದಳು.

"ಮೊದಲ ಮುಟ್ಟು."