ಟೈಪಿಂಗ್ ಅಕ್ಕೋರ ಲ್ಯಾಪ್‌ಟಾಪ್

ಕಳೆದ ವಾರ ಕಪಾಟು ಜಾಡಿಸುವಾಗ ಹಳೆಯ ಸೀರೆಗಳ ನಡುವಿನಿಂದ ಒಂದು ಸೀಡಿ ಜಾರಿ ಕೆಳಗೆ ಬಿತ್ತು. ಕಾಗದದ ಲಕೋಟೆಯ ಮೇಲೆ ನೀಲಿ ಶಾಯಿಯಲ್ಲಿ ನನ್ನದೇ ಅಕ್ಷರ: ‘ಅಕ್ಕೋರ ಲ್ಯಾಪ್‌ಟಾಪಿಗೆ’. ಇದನ್ನು ಹಾಕಿ ನೋಡುವ ಯಂತ್ರ ಈಗ ಮನೆಯಲ್ಲಿಲ್ಲ. ಆದರೂ ಎಸೆಯಲಾಗಲಿಲ್ಲ. ಕಸಬರಿಗೆ ಗೋಡೆಗೊರಗಿಸಿ ಕೂತೆ. ಎದ್ದೆ. ಮತ್ತೆ ಕೂತೆ...

ಅಕ್ಕೋರು ನನಗೆ ಟೈಪಿಂಗ್ ಕಲಿಸಿದವರು. ತೊಂಬತ್ತರ ದಶಕದ ಕೊನೆಗೆ ನಾನು ದಿನಾ ಬೆಳಗಿನ ಬಸ್ಸಿಗೆ ಅಮ್ಮಿನಬಾವಿಯಿಂದ ಧಾರವಾಡಕ್ಕೆ ಬಂದು ಅವರ ಕ್ಲಾಸಿಗೆ ಹೋಗುತ್ತಿದ್ದೆ. ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆ, ಒಂಬತ್ತು ಟೈಪ್‌ರೈಟರು. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ ಅದುರುತ್ತಿತ್ತು. ನಾವು ಕೀಲಿಗಳನ್ನು ನೋಡಬಾರದೆಂದು ನಮ್ಮ ಕೈಗಳ ಮೇಲೆ ಅವರು ಟಾವೆಲ್ ಹೊದಿಸುತ್ತಿದ್ದರು. ತಾವೇ ಟೈಪ್ ಮಾಡಲು ಕೂತರೆ, ಓಣಿಯಲ್ಲಿ ಹೋಗುವವರು ತಲೆ ಎತ್ತಿ ನೋಡುವಷ್ಟು ವೇಗ. ನಾನು ಕೂತಲ್ಲಿ ಕೂಡುವವಳಲ್ಲ. ಪಾಠ ಮುಗಿಯುವ ಮೊದಲೇ ಚಪ್ಪಲಿ ಹುಡುಕುತ್ತಿದ್ದೆ. “ಏನವಾ, ಬಸ್ ನಿನ್ನ ಬಿಟ್ಟ ಓಡಿ ಹೊಕ್ಕತೇನು?” ಎಂದು ಗದರಿ ಮತ್ತೆ ಕೂರಿಸುತ್ತಿದ್ದರು. ಆ ಗದರಿಕೆಯಿಂದಲೇ ನಾನು ಪರೀಕ್ಷೆ ಪಾಸಾಗಿ, ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆದೆ.

ಏಳೆಂಟು ವರ್ಷಗಳ ನಂತರ ಅವರು ಹೇಳಿಕಳಿಸಿದರು, ಬಂದು ಹೋಗು ಎಂದು. ಹೋದೆ. ಒಂಬತ್ತರಲ್ಲಿ ಆರು ಯಂತ್ರಗಳಿಗೆ ಬಟ್ಟೆ ಮುಚ್ಚಿತ್ತು. ಮೇಜಿನ ಮೇಲೆ ದಪ್ಪನೆಯ ಲ್ಯಾಪ್‌ಟಾಪು, ಅವರ ತಂಗಿಯ ಮಗ ಹೊಸದು ಕೊಂಡಾಗ ಬಿಟ್ಟುಹೋದದ್ದು. ಗುಂಡಿ ಒತ್ತಿ, ಚಹಾ ಮಾಡಿ ಕುಡಿದು ಬಂದರೂ ಅದು ಇನ್ನೂ ತೆರೆದುಕೊಳ್ಳುತ್ತಲೇ ಇರುತ್ತಿತ್ತು.

“ಅಂಗಡ್ಯಾವ ಗುಜರಿಗೆ ಹಾಕ್ರಿ ಅಂದ. ನನಗ ಇದು ಬೇಕವಾ. ಹೆಂಗರ ಮಾಡಿ ಎಬ್ಬಿಸಿ ಕೊಡು,” ಎಂದರು.

ನಮ್ಮ ಆಫೀಸಿನ ಲೆಕ್ಕಿಗರಿಗೆ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರಿನ ಹುಚ್ಚು. ಹಳೆಯ ಯಂತ್ರಗಳಿಗೆಂದೇ ಜನ ಸೇರಿ ಮಾಡಿ ಪುಕ್ಕಟೆ ಹಂಚುವ ಹಗುರವಾದದ್ದೊಂದಿದೆ ಎಂದು ಸೀಡಿ ಮಾಡಿಕೊಟ್ಟರು. ಮುಂದಿನ ರವಿವಾರ ಅದನ್ನು ಹಾಕಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಓಡಿದವು. ಅಕ್ಕೋರು ಕುರ್ಚಿಯ ತುದಿಯಲ್ಲಿ ಕೂತು ಒಂದನ್ನೂ ಬಿಡದೆ ಓದಲು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಒಂದು ನಿಮಿಷವೂ ಆಗಲಿಲ್ಲ, ತೆರೆದುಕೊಂಡಿತು.

“ಇಷ್ಟ ಲಗೂ?” ಎಂದು ಅವರು ಯಂತ್ರದ ಬೆನ್ನು ಮುಟ್ಟಿ ನೋಡಿದರು.

ಆದರೆ ಕನ್ನಡ ಸರಿಯಾಗಿ ಮೂಡಲಿಲ್ಲ. ಒತ್ತಕ್ಷರಗಳು ಅಕ್ಷರದ ಕೆಳಗೆ ನಿಲ್ಲದೆ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಅದಾದರೂ ಫಾಂಟಿನ ತೊಂದರೆ. ಅಕ್ಕೋರು ‘ಅ’ ಒತ್ತಿದರೆ ‘ಅಅಅಅ’ ಎಂದು ಬರುತ್ತಿತ್ತು.

“ಕೀಬೋರ್ಡ್ ಕೆಟ್ಟೇತ್ರಿ ಅಕ್ಕೋರ,” ಎಂದು ನಾನೇ ಒತ್ತಿ ನೋಡಿದೆ. ಒಂದೇ ‘ಅ’ ಬಂತು. ಆಗ ಅವರ ಕೈ ನೋಡಿದೆ. ಅವರು ತಟ್ಟನೆ ಸೆರಗಿನೊಳಗೆ ಎಳೆದುಕೊಂಡರು. ಸೆರಗೂ ನಡುಗುತ್ತಿತ್ತು.

“ವರ್ಷ ಆತು. ಯಾರಿಗೂ ಹೇಳಿಲ್ಲ. ಟೈಪಿಂಗ್ ಕಲಿಸಾಕಿ ಕೈನ ನಡಗತಾವ ಅಂದ್ರ ಯಾರ ಬರ್ತಾರವಾ? ಟೈಪ್‌ರೈಟರ್ ಒತ್ತೋ ಕಸುವ ಉಳಿದಿಲ್ಲ. ಇದರ ಕೀ ಮೆತ್ತಗ ಅದಾವು.” ಬಟ್ಟೆ ಮುಚ್ಚಿದ ಟೈಪ್‌ರೈಟರುಗಳ ಕಡೆ ನೋಡಿ ಮುಂದುವರಿಸಿದರು: “ಈಗಿನ ಹುಡುಗ್ಯಾರು ಕಂಪ್ಯೂಟರಿನ್ಯಾಗ ಕನ್ನಡ ಎರಡ ಬೆರಳಿಲೆ ಕುಟ್ಟತಾರ. ಹತ್ತೂ ಬೆರಳಿಗೆ ಪಾಠ ಮಾಡೇನಿ, ನಲವತ್ತು. ಎಲ್ಲಾ ತಲಿಯಾಗ ಅದಾವು. ಕೈ ಪೂರಾ ಹೋಗೂದ್ರಾಗ ಬರದ ಇಡಬೇಕು.”

ಅಲ್ಲಿ ಕೂಡಲು ನನ್ನಿಂದ ಆಗಲಿಲ್ಲ. ನನ್ನ ಒಂದೊಂದು ಬೆರಳನ್ನೂ ಹಿಡಿದು ಅದರ ಜಾಗಕ್ಕೆ ಕೂರಿಸಿದ ಕೈಗಳು ಅವು. ಬಸ್ಸಿಗೆ ಹೊತ್ತಾಯಿತು, ಫಾಂಟ್ ತಗೊಂಡು ಮುಂದಿನ ರವಿವಾರ ಬರ್ತೇನ್ರಿ ಎಂದು ಹೇಳಿ ಮೆಟ್ಟಿಲಿಳಿದುಬಿಟ್ಟೆ.

ಮುಂದಿನ ರವಿವಾರ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಲೆಕ್ಕಿಗರು ಫಾಂಟ್ ಕೊಟ್ಟರು. ನಡುಗುವ ಬೆರಳು ಒಂದೇ ಕೀಲಿಯನ್ನು ಮೇಲಿಂದ ಮೇಲೆ ಒತ್ತಿದರೂ ಒಂದೇ ಸಲ ಎಂದು ಎಣಿಸುವ ಏರ್ಪಾಡು ಲಿನಕ್ಸಿನಲ್ಲೇ ಇದೆ, ಹೀಗೆ ಮಾಡು ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಚೀಟಿ ಪರ್ಸಿನಲ್ಲೇ ಇತ್ತು. ರವಿವಾರ ಬಂದರೆ ಏನೋ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಹೀಗೆ ಮೂರು ತಿಂಗಳು...

ಕೊನೆಗೊಮ್ಮೆ ಹೋದಾಗ ಅಕ್ಕೋರು ಲ್ಯಾಪ್‌ಟಾಪಿನ ಮುಂದೆಯೇ ಇದ್ದರು. ಬೈಯಲಿಲ್ಲ. “ಬಂದ್ಯಾ? ಕೂಡು,” ಎಂದರು. ಒಂದು ಅಕ್ಷರ ಒತ್ತುವುದು, ಹೆಚ್ಚಿಗೆ ಬಂದ ಮೂರನ್ನು ಅಳಿಸುವುದು, ಅಳಿಸುವಾಗ ಬೇಕಾದದ್ದೂ ಅಳಿಸಿಹೋದರೆ ಮತ್ತೆ ಒತ್ತುವುದು... ಹಾಗೆ ಒಂಬತ್ತು ಪಾಠ ಬರೆದಿದ್ದರು. ಒತ್ತಕ್ಷರಗಳು ಚೆಲ್ಲಾಡಿದ್ದರಿಂದ ಏನು ಬರೆದಿದ್ದಾರೆಂದು ನನಗೆ ತಿಳಿಯಲಿಲ್ಲ. ಫಾಂಟ್ ಹಾಕಿ, ಮತ್ತೆ ತೆರೆದೆ. ಸಾಲುಗಳು ಸರಿಯಾಗಿ ನಿಂತವು. ಒಂಬತ್ತನೆಯದು ದ್ವಿತ್ವಾಕ್ಷರದ ಪಾಠ. ಓದಿದೆ.

‘ಅಮ್ಮಿನಬಾವಿಯ ಹುಡುಗಿ ಬಸ್ಸು ಹತ್ತಿದಳು. ಹುಡುಗಿ ಮತ್ತೆ ಬರುತ್ತಾಳೆ. ಹುಡುಗಿ ಮತ್ತೆ ಬರುತ್ತಾಳೆ.’

ಹತ್ತು ಸಲ ಅದೇ ಸಾಲು. ನಾನು ತಲೆ ಎತ್ತಲಿಲ್ಲ. ಪರ್ಸಿನಿಂದ ಚೀಟಿ ತೆಗೆದು ಅದರಲ್ಲಿದ್ದಂತೆ ಮಾಡಿ, ಯಂತ್ರವನ್ನು ಅವರ ಕಡೆ ತಿರುಗಿಸಿದೆ. ಅವರು ನಡುಗುವ ಬೆರಳನ್ನು ‘ಅ’ ಮೇಲೆ ಇಟ್ಟರು. ಒಂದೇ ‘ಅ’ ಬಂತು. ಇನ್ನೊಮ್ಮೆ ಒತ್ತಿದರು. ಒಂದೇ. ಅಕ್ಕೋರು ನಕ್ಕದ್ದು ಆವತ್ತೇ ನೋಡಿದ್ದು. “ಕಡೀಕ ಒಂದರ ನನ್ನ ಮಾತ ಕೇಳ್ತು ನೋಡು,” ಎಂದರು.

ಆಮೇಲೆ ಒಂದು ರವಿವಾರವನ್ನೂ ನಾನು ತಪ್ಪಿಸಲಿಲ್ಲ. ಪಾಠ ಇಪ್ಪತ್ತೆರಡಕ್ಕೆ ಬಂದಾಗ ಅವರಿಗೆ ಕೈ ಎತ್ತುವುದೇ ಕಷ್ಟವಾಯಿತು, ಮಾತೂ ತೊದಲತೊಡಗಿತು. ತಂಗಿ ಬಂದು ಬೆಳಗಾವಿಗೆ ಕರೆದುಕೊಂಡು ಹೋದರು. ಮರುವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ. ಲ್ಯಾಪ್‌ಟಾಪು ಏನಾಯಿತೋ ಗೊತ್ತಿಲ್ಲ.

ಆ ಇಪ್ಪತ್ತೆರಡು ಪಾಠಗಳ ಪ್ರಿಂಟು ನನ್ನ ಬಳಿ ಇದೆ. ಈಗ ನಾನೇ ಮನೆಯ ಹೊರಗಿನ ಕೋಣೆಯಲ್ಲಿ ನಾಲ್ಕು ಹುಡುಗಿಯರಿಗೆ ಅದನ್ನು ಕಲಿಸುತ್ತೇನೆ. ನಿನ್ನೆ ಗರಗದಿಂದ ಬರುವ ಹುಡುಗಿಯೊಬ್ಬಳು ಕೊನೆಯ ಹಾಳೆ ಮುಗಿಸಿ, “ಮುಂದಿಂದು ಕೊಡ್ರಿ ಅಕ್ಕೋರ,” ಎಂದು ಕೈಚಾಚಿದಳು.

ಇಷ್ಟೇ ಇರೋದವಾ, ಎಂದೆ. ಉಳಿದ ಹದಿನೆಂಟನ್ನು ಬರೆಯಲು ಅವರಿಗೆ ಎಷ್ಟು ದಿನ ಬೇಕಿತ್ತು? ಬಹುಶಃ ಮೂರು ತಿಂಗಳು.