ಪಾಪಕ್ಕನ ಅಣಬೆ ಸಾರು
ಗಣಿಯ ವರ್ಕ್‌ಶಾಪಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕ್ಯಾಸಂಬಳ್ಳಿಯ ಕೋದಂಡಪ್ಪ, ಗಣಿಯ ಪಕ್ಕದ ಕೋರಮಂಡಲ್‌ನ ಪಾಪಕ್ಕನ ಮನೆಗೆ ಬಾಡಿಗೆಗೆ ಬಂದ ದಿನವೇ ಕತ್ತಲೆ ಮೂಲೆಯಲ್ಲಿ ಗೋಣಿ ಹೊದಿಸಿದ್ದ ಹುಲ್ಲನ್ನು ಕಂಡು, ತನಗೆಂದೇ ಹಾಸಿದ್ದಾರೆಂದು ಸುಖವಾಗಿ ಮೈ ಚಾಚಿದ. "ಏಳ್ಲಾ, ಸಾರಿನ ಮೇಲೆ ಮನ್ಗಿದ್ದೀಯ!" ಎಂಬ ಕೂಗಿಗೆ ಎದ್ದಾಗ ಬೆನ್ನೆಲ್ಲ ಒದ್ದೆ, ಎಳೆಯ ಅಣಬೆಗಳೆಲ್ಲ ಚಟ್ನಿ. ಒಂಟಿ ಹೆಂಗಸು ಪಾಪಕ್ಕ ಅಣಬೆ ಬೆಳೆಸುವ ಆ ಹುಲ್ಲನ್ನು ಬಾಣಂತಿಯಂತೆ ನೋಡಿಕೊಳ್ಳುವಳು. ಬೆಚ್ಚಗಿನ ನೀರು ಚಿಮುಕಿಸುವಳು, ಬಾಗಿಲು ತೆರೆದರೆ "ಗಾಳಿ ತಾಗ್ತದೆ" ಎಂದು ಗದರುವಳು, ಸೀನಿದವರನ್ನು ಬೀದಿಗಟ್ಟುವಳು. ಆದರೆ ಸಾರು ಕುದಿದ ದಿನ ಮನೆಯಲ್ಲಿ ಉಸಿರೇ ಆಡದು. ಹುಲ್ಲಿನಲ್ಲಿ ವಿಷದ ಅಣಬೆಯೂ ಸೇರಿಕೊಂಡು ಏಳುತ್ತದೆ. ಹಿಂದಿನ ಲೈನಿನ ಮನೆಗಳಲ್ಲಿ ಹಾಗೆ ತಿಂದು ಸತ್ತವರಿದ್ದರು. ಅದಕ್ಕೇ ಪಾಪಕ್ಕ ಕೋದಂಡಪ್ಪನ ರಜೆಯ ದಿನ ನೋಡಿ, ಬೆಳಿಗ್ಗೆಯೇ ಅವನನ್ನು ಎದುರಿಗೆ ಕೂರಿಸಿಕೊಂಡು, ತಾನೊಬ್ಬಳೇ ಮುದ್ದೆ ಮುರಿದು ಉಣ್ಣುವಳು. ಸಂಜೆ ಪಾಳಿಯ ಸೈರನ್ ಕೂಗುವವರೆಗೆ ಅವನಿಗೆ ತೊಟ್ಟು ಸಾರೂ ಇಲ್ಲ. ಅವಳ ಹಣೆಯ ಬೆವರನ್ನೇ ನೋಡುತ್ತ ಅವನು ಜೊಲ್ಲನ್ನೂ ಭಯವನ್ನೂ ಒಟ್ಟಿಗೆ ನುಂಗುವನು. ತನಗಾಗಿ ಪ್ರಾಣವನ್ನೇ ಪಣಕ್ಕಿಡುವ ತಾಯಿ ಎಂದು ಕರಗಿ ಒಮ್ಮೆ ಕೇಳಿಯೇಬಿಟ್ಟ: "ಪಾಪಕ್ಕ, ನಿಮ್ಗೆ ಸಾಯೋ ಭಯ ಇಲ್ವಾ?" ಅವಳು ಬೆರಳು ಚೀಪುತ್ತ ಹೇಳಿದಳು: "ಐತೆ ಕಣ್ಲಾ. ಒಬ್ಳೇ ಸಾಯಕ್ಕೆ ಭಯ ಅಂತಾನೇ ನಿನ್ನ ಬಾಡಿಗೆಗೆ ಇಟ್ಕೊಂಡಿರೋದು."